ಬೀಜಿಂಗ್ ನಗರದ ಅತಿಥಿ ಮತ್ತೇಯೊ ರಿಚ್ಚಿ

ನಿಮ್ಮ ಮನೆಯ ಮಗನೋ ಮಗಳೋ ಕೆಲಸಕ್ಕಾಗಿ ಪರನಾಡಿನ ದೊಡ್ಡ ನಗರಕ್ಕೆ ಹೋಗಿದ್ದರೆ, ಫೋನಿನಲ್ಲಿ ನೀವು ಮೊದಲು ಕೇಳುವುದೇನು? ಊಟ ಒಗ್ಗಿತೇ, ಭಾಷೆ ತಿಳಿಯುತ್ತದೆಯೇ, ನೆರೆಹೊರೆಯವರು ಒಳ್ಳೆಯವರೇ ಎಂದಲ್ಲವೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ತಾಯಿಯ ಮನಸ್ಸಿಗೆ ಸಮಾಧಾನ.

ನಾಲ್ಕು ಶತಮಾನಗಳ ಹಿಂದೆ ಹೀಗೆ ಹೊರಟ ಒಬ್ಬ ಮಗನ ಕಥೆ ಇದು. ಆತ ಬರೆದ ಪತ್ರ ಇಟಲಿಯ ಮನೆಗೆ ತಲುಪಿ ಉತ್ತರ ಹಿಂದಿರುಗಲು ಆರೇಳು ವರ್ಷಗಳೇ ಹಿಡಿಯುತ್ತಿದ್ದವು. ಬರೆಯುವಾಗ, ಇದನ್ನು ಓದುವವರು ಬದುಕಿದ್ದಾರೆಯೇ ಎಂಬುದೂ ಗೊತ್ತಿರುತ್ತಿರಲಿಲ್ಲ. ಆತ ಮತ್ತೆ ಹುಟ್ಟೂರನ್ನು ನೋಡಲೇ ಇಲ್ಲ. ಪರದೇಶಿಯರಿಗೆ ಬಾಗಿಲು ಮುಚ್ಚಿದ್ದ ಚೀನಾದೇಶದಲ್ಲಿ 28 ವರ್ಷ ಬಾಳಿ, ಅದರ ರಾಜಧಾನಿ ಬೀಜಿಂಗಿನಲ್ಲೇ ಮಣ್ಣಾದರು. ಅವರೇ ಯೇಸುಸಭೆಯ ಮತ್ತೇಯೊ ರಿಚ್ಚಿ ಸ್ವಾಮಿಗಳು. ಚೀನೀಯರು ಅವರನ್ನು ಲೀ ಮಾದೋ ಎಂದು ಕರೆದರು. ಇಂದಿಗೂ ಅಲ್ಲಿ ಅದೇ ಹೆಸರು.

ಔಷಧದ ಅಂಗಡಿಯ ಮಗ

ರಿಚ್ಚಿಯವರು ಹುಟ್ಟಿದ್ದು 1552ರ ಅಕ್ಟೋಬರ್ 6ರಂದು, ಇಟಲಿಯ ಮಚೆರಾತ ಪಟ್ಟಣದಲ್ಲಿ. ಎರಡು ತಿಂಗಳು ಕಳೆಯುವುದರೊಳಗೆ, ಅದೇ ವರ್ಷದ ಡಿಸೆಂಬರ್ 3ರಂದು, ಸಂತ ಫ್ರಾನ್ಸಿಸ್ ಕ್ಸೇವಿಯರ್ ಚೀನಾದ ಕರಾವಳಿಯ ಷಾಂಗ್‌ಚುವಾನ್ ದ್ವೀಪದಲ್ಲಿ ಪ್ರಾಣಬಿಟ್ಟರು. ಎದುರಿಗೇ ಕಾಣುವ ದೇಶದೊಳಕ್ಕೆ ಕಾಲಿಡಲು ಅವರಿಗೆ ಸಾಧ್ಯವಾಗಲಿಲ್ಲ. ಆ ಸಂತರು ಬಿಟ್ಟುಹೋದ ಕೆಲಸವನ್ನು ಮುಂದುವರಿಸುವ ಮಗು ಅಷ್ಟರಲ್ಲಿ ತೊಟ್ಟಿಲಲ್ಲಿತ್ತು.

ತಂದೆ ಔಷಧ ವ್ಯಾಪಾರಿ. ಮಗ ವಕೀಲನಾಗಿ ಹೆಸರು ಮಾಡಲಿ ಎಂಬುದು ಅವರ ಆಸೆ. ಅದಕ್ಕಾಗಿ ಹದಿನಾರರ ಹುಡುಗನನ್ನು ರೋಮಿಗೆ ಕಳುಹಿಸಿದರು. ಆದರೆ 1571ರ ಆಗಸ್ಟ್ 15ರಂದು, ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನ, ಮಗ ಯೇಸುಸಭೆಯನ್ನು ಸೇರಿದ. ಕೋಪಗೊಂಡ ತಂದೆ ಮಗನನ್ನು ಹಿಂದಕ್ಕೆ ಕರೆತರಲು ರೋಮಿಗೆ ಹೊರಟರಂತೆ. ದಾರಿಯಲ್ಲಿ ಜ್ವರ ಬಂದು ಮಲಗಿದಾಗ, ಇದು ದೇವರ ಚಿತ್ತವೆಂದು ತಿಳಿದು ಮನೆಗೆ ಮರಳಿದರೆಂದು ಹೇಳುತ್ತಾರೆ. ಮಕ್ಕಳ ದೈವಕರೆಯ ಬಗ್ಗೆ ಇಂದೂ ಕಳವಳಪಡುವ ತಂದೆತಾಯಿಗಳಿಗೆ ಈ ತಂದೆಯ ಸಂಕಟ ಅರ್ಥವಾದೀತು.

ರೋಮಿನ ಕಾಲೇಜಿನಲ್ಲಿ ರಿಚ್ಚಿಯವರಿಗೆ ಗಣಿತ ಕಲಿಸಿದವರು ಪ್ರಸಿದ್ಧ ಖಗೋಳಜ್ಞ ಕ್ಲಾವಿಯುಸ್ ಸ್ವಾಮಿಗಳು. ಗಡಿಯಾರ, ಭೂಪಟ, ನಕ್ಷತ್ರಗಳ ಲೆಕ್ಕ, ರೇಖಾಗಣಿತ ಎಲ್ಲವನ್ನೂ ಅವರು ಅಲ್ಲಿ ಕಲಿತರು. ಓದಿದ್ದನ್ನು ಮರೆಯದಂತೆ ಮನಸ್ಸಿನಲ್ಲಿ ಕಟ್ಟಿಡುವ ವಿದ್ಯೆಯೂ ಅವರಿಗೆ ಒಲಿಯಿತು. ಮುಂದೊಂದು ದಿನ ಇವೇ ಅವರ ದಾರಿಬುತ್ತಿಯಾಗಲಿದ್ದವು.

ನಮ್ಮ ಕರಾವಳಿಯಲ್ಲಿ ನಾಲ್ಕು ವರ್ಷ

1578ರ ಮಾರ್ಚಿನಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿದ ರಿಚ್ಚಿಯವರು ಸೆಪ್ಟೆಂಬರಿನಲ್ಲಿ ಗೋವೆಗೆ ಬಂದಿಳಿದರು. ಗೋವೆಯಲ್ಲಿಯೂ ಕೊಚ್ಚಿಯಲ್ಲಿಯೂ ಓದುತ್ತ, ಹುಡುಗರಿಗೆ ಪಾಠ ಹೇಳುತ್ತ ಸುಮಾರು ನಾಲ್ಕು ವರ್ಷ ಕಳೆದರು. ಅವರು ಗುರುದೀಕ್ಷೆ ಪಡೆದದ್ದೂ ನಮ್ಮ ದೇಶದಲ್ಲೇ, 1580ರಲ್ಲಿ, ಕೊಚ್ಚಿಯಲ್ಲಿ.

ಆಗ ಗೋವೆಯಲ್ಲಿ ಒಂದು ಅನ್ಯಾಯ ನಡೆದಿತ್ತು. ಗುರುಗಳಾಗಲು ಓದುತ್ತಿದ್ದ ಭಾರತೀಯ ಯುವಕರಿಗೆ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಐರೋಪ್ಯರೊಂದಿಗೆ ಕಲಿಸುವುದು ಬೇಡ, ಕಲಿತರೆ ಗರ್ವ ಬಂದೀತು ಎಂಬ ಅಭಿಪ್ರಾಯ ಬಲವಾಗಿತ್ತು. ಇನ್ನೂ ಮೂವತ್ತು ತುಂಬದ ರಿಚ್ಚಿಯವರು 1581ರಲ್ಲಿ ರೋಮಿನ ಮಹಾಶ್ರೇಷ್ಠರಿಗೆ ಪತ್ರ ಬರೆದು ಇದನ್ನು ವಿರೋಧಿಸಿದರು. ಈ ನಾಡಿನ ಜನರನ್ನು ಕೀಳಾಗಿ ಕಂಡು ವಿದ್ಯೆಯಿಂದ ದೂರವಿಟ್ಟರೆ ಅವರ ಮನಸ್ಸು ನಮ್ಮಿಂದ ದೂರವಾಗುತ್ತದೆ ಎಂಬುದು ಅವರ ವಾದದ ಸಾರ. ಚೀನಾಕ್ಕೆ ಹೋಗುವ ಮೊದಲೇ ಅವರ ಕಣ್ಣು ಹೇಗೆ ತೆರೆದಿತ್ತು ನೋಡಿ. ಪರನಾಡಿಗೆ ಬಂದವನು ಯಜಮಾನನಂತೆ ನಡೆದರೆ ಏನಾಗುತ್ತದೆ ಎಂಬುದನ್ನು ಅವರು ನಮ್ಮ ಕರಾವಳಿಯಲ್ಲಿ ಕಂಡಿದ್ದರು. ತಾವು ಅತಿಥಿಯಾಗಿ ಬಾಳಬೇಕೆಂಬ ನಿಶ್ಚಯದ ಬೇರು ಇಲ್ಲಿಯೇ ಇದ್ದೀತು.

ಕಲ್ಲು ಬೀಳುತ್ತಿದ್ದ ಮನೆ

1582ರ ಆಗಸ್ಟಿನಲ್ಲಿ ರಿಚ್ಚಿಯವರು ಪೋರ್ಚುಗೀಸರ ನೆಲೆಯಾಗಿದ್ದ ಮಕಾವಿಗೆ ಬಂದರು. ಯೇಸುಸಭೆಯ ಹಿರಿಯರಾದ ವಾಲಿಞಾನೊ ಸ್ವಾಮಿಗಳು ಅಲ್ಲಿ ಹೊಸ ಕಟ್ಟಳೆ ಮಾಡಿದ್ದರು: ಚೀನಾಕ್ಕೆ ಹೋಗುವವರು ಮೊದಲು ಚೀನೀ ಭಾಷೆಯನ್ನು ಓದಲು, ಬರೆಯಲು, ಮಾತನಾಡಲು ಕಲಿಯಬೇಕು. ಅದಕ್ಕೆ ಮುಂಚೆ ಮಕಾವಿನಲ್ಲಿ ಕ್ರೈಸ್ತನಾದ ಚೀನೀಯನು ಪೋರ್ಚುಗೀಸರ ಹೆಸರು, ಉಡುಪುಗಳನ್ನೇ ತೊಡುತ್ತಿದ್ದ. ಇನ್ನು ಮುಂದೆ ಬದಲಾಗಬೇಕಾದವರು ಬಂದವರು, ಇದ್ದವರಲ್ಲ ಎಂಬುದು ಹೊಸ ನಿಲುವು.

1583ರ ಸೆಪ್ಟೆಂಬರಿನಲ್ಲಿ ರಿಚ್ಚಿಯವರೂ ರುಜ್ಜಿಯೇರಿ ಸ್ವಾಮಿಗಳೂ ದಕ್ಷಿಣದ ಝಾವೋಚಿಂಗ್ ಪಟ್ಟಣದಲ್ಲಿ ನೆಲೆಸಿದರು. ಅಲ್ಲಿನ ಅಧಿಕಾರಿ ವಾಂಗ್ ಪಾನ್ ಅವರಿಗೆ ಮನೆ ಕಟ್ಟಲು ಜಾಗ ಕೊಟ್ಟ. ಅಧಿಕಾರಿಯ ದಯೆಯಿತ್ತು, ಆದರೆ ನೆರೆಹೊರೆಯವರಿಗೆ ಅನುಮಾನ. ಪಕ್ಕದ ಗೋಪುರದ ಮೇಲಿನಿಂದ ಮನೆಯ ಮೇಲೆ ಕಲ್ಲು ಬೀಳುತ್ತಿದ್ದವು. ಒಮ್ಮೆ ಮನೆಯ ಸೇವಕನೊಬ್ಬ ಕಲ್ಲೆಸೆದ ಹುಡುಗನನ್ನು ಹಿಡಿದು ಒಳಕ್ಕೆ ತಂದು ಗದರಿಸಿ ಬಿಟ್ಟ. ಅಷ್ಟೇ ಸಾಕಾಯಿತು. ಪರದೇಶಿಯರು ಮಗುವನ್ನು ಮೂರು ದಿನ ಬಚ್ಚಿಟ್ಟು ಮಕಾವಿನಲ್ಲಿ ಮಾರಲು ಹವಣಿಸಿದರು ಎಂದು ದೂರು ಹೋಯಿತು. ವಿಚಾರಣೆಯಲ್ಲಿ ಸತ್ಯ ಹೊರಬಿದ್ದು, ಸುಳ್ಳು ದೂರು ಕೊಟ್ಟವನಿಗೆ ಹೊಡೆತದ ಶಿಕ್ಷೆಯಾದಾಗ, ಅವನನ್ನು ಕ್ಷಮಿಸುವಂತೆ ಬೇಡಿಕೊಂಡವರು ರಿಚ್ಚಿ ಸ್ವಾಮಿಗಳೇ.

ಈ ಮನೆಯ ಗೋಡೆಯ ಮೇಲೆ ಅವರು ಒಂದು ಭೂಪಟ ತೂಗುಹಾಕಿದ್ದರು. ನೋಡಲು ಬಂದ ಪಂಡಿತರು ಬೆರಗಾದರು. ಜಗತ್ತೆಂದರೆ ಬಹುಪಾಲು ಚೀನಾ, ಉಳಿದವು ಸುತ್ತಲಿನ ಸಣ್ಣ ನಾಡುಗಳು ಎಂದೇ ಅವರು ನಂಬಿದ್ದರು. 1584ರಲ್ಲಿ ರಿಚ್ಚಿಯವರು ಅದನ್ನು ಚೀನೀ ಭಾಷೆಯಲ್ಲಿ ಬರೆದುಕೊಟ್ಟರು. ಪಶ್ಚಿಮದ ರಾಜ್ಯಗಳು ಎಷ್ಟು ದೂರದಲ್ಲಿವೆ ಎಂಬುದನ್ನು ಕಂಡ ಮೇಲೆ ಜನರ ಹೆದರಿಕೆಯೂ ಕೊಂಚ ಇಳಿಯಿತು.

ಆದರೂ 1589ರಲ್ಲಿ ಹೊಸದಾಗಿ ಬಂದ ಮೇಲಧಿಕಾರಿ ಅವರನ್ನು ಅಲ್ಲಿಂದ ಹೊರಡಿಸಿದ. ಮುಂದಿನ ಊರು ಷಾವೋಚೌ. ಅಲ್ಲಿ ಮಲೇರಿಯ ಜ್ವರ. ಜೊತೆಗಿದ್ದ ಅಲ್ಮೇಯ್ದ ಸ್ವಾಮಿಗಳು 1591ರಲ್ಲಿಯೂ, ದೆ ಪೆತ್ರಿಸ್ ಸ್ವಾಮಿಗಳು 1593ರಲ್ಲಿಯೂ ತೀರಿಕೊಂಡರು. 1592ರ ಒಂದು ರಾತ್ರಿ ಪುಂಡರ ಗುಂಪು ಮನೆಗೆ ನುಗ್ಗಿತು. ಕಿಟಕಿಯಿಂದ ಹಾರಿದ ರಿಚ್ಚಿಯವರ ಪಾದ ಉಳುಕಿ, ಮುಂದೆ ಬದುಕಿರುವವರೆಗೂ ಕುಂಟುವಂತಾಯಿತು. ಆ ಪುಂಡರು ಸೆರೆಸಿಕ್ಕಾಗಲೂ ಅವರ ಶಿಕ್ಷೆ ಕಡಿಮೆಯಾಗಲೆಂದು ಅವರು ಬೇಡಿಕೊಂಡರು. ಮೊದಲ ಹತ್ತು ವರ್ಷಗಳ ಗಳಿಕೆ ಏನೆಂದು ಲೆಕ್ಕ ಹಾಕಿದರೆ, ಎರಡು ಸಮಾಧಿ, ಒಂದು ಕುಂಟುಕಾಲು, ಬೆರಳೆಣಿಕೆಯ ಕ್ರೈಸ್ತರು. ನಾವಾಗಿದ್ದರೆ ಹಿಂದಿರುಗುತ್ತಿದ್ದೆವೇನೋ.

ಗೆಳೆಯನ ಮಾತು, ಹೊಸ ಉಡುಪು

ಷಾವೋಚೌವಿನಲ್ಲಿ ಒಬ್ಬ ಗೆಳೆಯ ಸಿಕ್ಕಿದ್ದ. ಚು ತೈಸು ಎಂಬ ಆತ ದೊಡ್ಡ ಅಧಿಕಾರಿಯ ಮಗ, ಪಿತ್ರಾರ್ಜಿತವನ್ನು ಕಳೆದುಕೊಂಡವನು. ಪರದೇಶಿಯರಿಗೆ ಬೆಳ್ಳಿ ಮಾಡುವ ರಸವಿದ್ಯೆ ಗೊತ್ತು ಎಂಬ ಗಾಳಿಸುದ್ದಿ ಕೇಳಿ ಬಂದ. ಬೆಳ್ಳಿ ಸಿಗಲಿಲ್ಲ, ಆದರೆ ಗಣಿತದ ರುಚಿ ಹತ್ತಿತು. ಶಿಷ್ಯನಾಗಿ ಕುಳಿತು ರೇಖಾಗಣಿತ ಕಲಿತ.

ಚೀನಾಕ್ಕೆ ಬಂದಾಗ ರಿಚ್ಚಿಯವರು ತಲೆ ಬೋಳಿಸಿ, ಬೌದ್ಧ ಭಿಕ್ಷುಗಳಂತೆ ಬಟ್ಟೆ ತೊಟ್ಟಿದ್ದರು. ದೇವರ ಸೇವಕರೆಂದು ಜನ ಗುರುತಿಸಲಿ ಎಂಬುದು ಉದ್ದೇಶ. ಆದರೆ ಓದುಬರಹ ಬಲ್ಲ ವರ್ಗದವರು ಭಿಕ್ಷುಗಳಿಗೆ ಹೆಚ್ಚಿನ ಮರ್ಯಾದೆ ಕೊಡುತ್ತಿರಲಿಲ್ಲ. ಪಂಡಿತರಂತೆ ಓದಿದವರು ಪಂಡಿತರಂತೆಯೇ ಇರಬೇಕೆಂದು ಚು ತೈಸು ತಿಳಿಹೇಳಿದ. ಹಿರಿಯರ ಅನುಮತಿ ಪಡೆದು 1595ರಲ್ಲಿ ರಿಚ್ಚಿಯವರು ಕೂದಲು, ಗಡ್ಡ ಬೆಳೆಸಿ, ಪಂಡಿತರ ರೇಷ್ಮೆ ನಿಲುವಂಗಿ, ಎತ್ತರದ ಟೊಪ್ಪಿಗೆ ಧರಿಸಿದರು. ಅಷ್ಟರಲ್ಲಿ ಕನ್ಫ್ಯೂಷಿಯಸ್ ಪಂಥದ ಮುಖ್ಯ ಗ್ರಂಥಗಳನ್ನು ಅವರು ಚೆನ್ನಾಗಿ ಓದಿ ಅರಗಿಸಿಕೊಂಡಿದ್ದರು. ಆದ್ದರಿಂದ ಅದು ವೇಷವಾಗಿರಲಿಲ್ಲ.

ಅದೇ ವರ್ಷ ಒಬ್ಬ ಸೇನಾಧಿಕಾರಿಯ ಪರಿವಾರದೊಂದಿಗೆ ಉತ್ತರಕ್ಕೆ ಹೊರಟಾಗ ನದಿಯಲ್ಲಿ ದೋಣಿ ಮಗುಚಿತು. ಜೊತೆಗಿದ್ದ ಯುವಕ ಬರಾದಸ್ ಮುಳುಗಿಹೋದ. ಈಜು ಬಾರದ ರಿಚ್ಚಿಯವರು ಕೈಗೆ ಸಿಕ್ಕಿದ ಹಗ್ಗ ಹಿಡಿದು ಬದುಕಿದರು. ಆಮೇಲೆ ನಾನ್‌ಜಿಂಗ್ ನಗರದಲ್ಲಿ ನೆಲೆಸಲು ನೋಡಿದರೆ, ಅಲ್ಲಿನ ಅಧಿಕಾರಿ ಗದರಿಸಿ ಅಟ್ಟಿದ. ಮನಸ್ಸು ಕುಗ್ಗಿ ಮರಳುವಾಗ ಅವರಿಗೊಂದು ಕನಸು ಬಿತ್ತು. ಅದರಲ್ಲಿ ಅಪರಿಚಿತನೊಬ್ಬ ಎದುರಾದ. ಆತ ಪ್ರಭುವೇ ಎಂದು ತಿಳಿದು ರಿಚ್ಚಿಯವರು ಕಾಲಿಗೆ ಬಿದ್ದು ಅತ್ತರು. ರಾಜಧಾನಿಗಳಲ್ಲಿ ನಿನ್ನ ಕೈಬಿಡೆನೆಂಬ ಭರವಸೆ ಅವರಿಗೆ ದೊರೆಯಿತು.

ನಾನ್‌ಚಾಂಗ್ ನಗರ ಅವರನ್ನು ಆದರದಿಂದ ಬರಮಾಡಿಕೊಂಡಿತು. ಗುರುತು ಪರಿಚಯವಿಲ್ಲದ ನೂರಾರು ಅಕ್ಷರಗಳನ್ನು ಒಮ್ಮೆ ಓದಿ, ಮೊದಲಿನಿಂದ ಕೊನೆಗೂ ಕೊನೆಯಿಂದ ಮೊದಲಿಗೂ ಒಪ್ಪಿಸಿದಾಗ ಪಂಡಿತರು ಮೂಗಿನ ಮೇಲೆ ಬೆರಳಿಟ್ಟರು. ಇಲ್ಲಿಯೇ 1595ರಲ್ಲಿ ರಾಜವಂಶದ ಒಬ್ಬ ಪ್ರಭುವಿಗಾಗಿ ಅವರು ಚೀನೀ ಭಾಷೆಯ ತಮ್ಮ ಪ್ರಸಿದ್ಧ ಪುಸ್ತಕವನ್ನು ಬರೆದರು. ವಿಷಯ ಯಾವುದೆಂದು ಊಹಿಸಬಲ್ಲಿರಾ? ಧರ್ಮೋಪದೇಶವಲ್ಲ, ಗಣಿತವೂ ಅಲ್ಲ, ಸ್ನೇಹ. ಐರೋಪ್ಯ ಜ್ಞಾನಿಗಳು ಸ್ನೇಹದ ಕುರಿತು ಹೇಳಿದ್ದನ್ನು ಒಟ್ಟುಗೂಡಿಸಿ ಕೊಟ್ಟರು. ಅದು ಪಂಡಿತರ ಮೆಚ್ಚುಗೆ ಪಡೆದ ಪುಸ್ತಕವಾಯಿತು.

ರಾಜಧಾನಿಯ ಬಾಗಿಲಲ್ಲಿ

1598ರ ಸೆಪ್ಟೆಂಬರಿನಲ್ಲಿ ಅವರು ಮೊದಲ ಬಾರಿ ಬೀಜಿಂಗನ್ನು ಕಂಡರು. ಆದರೆ ಆಗ ಕೊರಿಯದಲ್ಲಿ ಜಪಾನಿನೊಂದಿಗೆ ಯುದ್ಧ ನಡೆದಿತ್ತು. ಪರದೇಶಿ ಎಂದರೆ ಬೇಹುಗಾರನೆಂಬ ಶಂಕೆ. ಯಾರೂ ಅವರಿಗೆ ಆಸರೆ ಕೊಡಲು ಧೈರ್ಯ ಮಾಡಲಿಲ್ಲ. ಎರಡು ತಿಂಗಳು ಕಾದು ಬರಿಗೈಯಲ್ಲಿ ಹಿಂದಿರುಗಿದರು.

1600ರಲ್ಲಿ ಮತ್ತೆ ಹೊರಟರು. ದಕ್ಷಿಣದಿಂದ ಬೀಜಿಂಗಿಗೆ ಹೋಗುವ ಮಹಾಕಾಲುವೆಯ ಪ್ರಯಾಣವನ್ನು ಅವರು ವಿವರವಾಗಿ ಬರೆದಿಟ್ಟಿದ್ದಾರೆ. ಅರಮನೆಗೆ ಅಕ್ಕಿ ಸಾಗಿಸುವ ಸಾವಿರಾರು ದೋಣಿಗಳು, ಸುಟ್ಟುಹೋದ ಅರಮನೆಗಳನ್ನು ಮತ್ತೆ ಕಟ್ಟಲು ನೀರಿನಲ್ಲಿ ತೇಲಿಬಿಟ್ಟ ಮರದ ದಿಮ್ಮಿಗಳ ಸಾಲು, ಹಣ್ಣು ಮೀನು ಕೆಡದಂತೆ ಮಂಜುಗಡ್ಡೆ ತುಂಬಿದ ದೋಣಿಗಳು, ತೂಬಿನ ಬಾಗಿಲು ತೆರೆಯಲು ದಿನಗಟ್ಟಲೆ ಕಾಯುವಿಕೆ.

ದಾರಿಯಲ್ಲಿ ಮಾ ತಾಂಗ್ ಎಂಬ ಖೋಜಾ ಅಧಿಕಾರಿ ಅವರನ್ನು ತಡೆದ. ಚಕ್ರವರ್ತಿಗೆಂದು ತಂದ ಕಾಣಿಕೆಗಳ ಮೇಲೆ ಅವನ ಕಣ್ಣು. ಸಾಮಾನುಗಳನ್ನು ಶೋಧಿಸುವಾಗ ಮರದ ಶಿಲುಬೆಯೊಂದು ಸಿಕ್ಕಿತು. ಮೊಳೆ ಜಡಿದ, ರಕ್ತ ಸುರಿಯುವ ಪ್ರಭುವಿನ ಪ್ರತಿಮೆಯನ್ನು ಕಂಡು ಅವನು ಬೆಚ್ಚಿಬಿದ್ದ. ಚಕ್ರವರ್ತಿಯನ್ನು ಮಾಟದಿಂದ ಕೊಲ್ಲಲು ತಂದ ಗೊಂಬೆ ಇದೆಂದು ಕೂಗಾಡಿದ. ಪ್ರಿಯ ವಾಚಕರೇ, ಆ ಗಳಿಗೆಯಲ್ಲಿ ರಿಚ್ಚಿಯವರ ಪಾಡನ್ನು ಯೋಚಿಸಿ. ಹೆದರಿ ಕುದಿಯುತ್ತಿರುವ ಗುಂಪಿಗೆ, ಇವನೇ ನಮ್ಮ ದೇವರೆಂದು ಹೇಳಿದರೆ ಅರ್ಥವಾಗುವುದೆಂತು? ನಮಗಾಗಿ ಶಿಲುಬೆಯ ಯಾತನೆಯನ್ನು ತಾನಾಗಿ ಒಪ್ಪಿಕೊಂಡ ಮಹಾಪುರುಷರ ನೆನಪಿಗಾಗಿ ಇದನ್ನು ಇಟ್ಟುಕೊಂಡಿದ್ದೇವೆ ಎಂದಷ್ಟೇ ವಿವರಿಸಿದರು. ಇದು ಜಾಣತನವೇ, ಅಂಜಿಕೆಯೇ ಎಂದು ಆಮೇಲೆ ಚರ್ಚಿಸಿದವರುಂಟು. ಶಿಲುಬೆಯನ್ನು ಅವರು ಎಸೆಯಲಿಲ್ಲ, ಅಲ್ಲಗಳೆಯಲೂ ಇಲ್ಲ. ಕೇಳುವ ಕಿವಿ ಸಿದ್ಧವಾಗುವವರೆಗೆ ಕಾದರು.

ಚಳಿಗಾಲವಿಡೀ ಅವರು ಕಾವಲಿನಲ್ಲಿ ಕಳೆಯಬೇಕಾಯಿತು. ಕೊನೆಗೆ ಬಿಡುಗಡೆ ತಂದದ್ದು ಒಂದು ಗಡಿಯಾರ. ತಾನಾಗಿ ಗಂಟೆ ಬಾರಿಸುವ ಯಂತ್ರವನ್ನು ಯಾರೋ ಪರದೇಶಿಯರು ತಂದಿದ್ದಾರಂತಲ್ಲ, ಅದೆಲ್ಲಿ ಎಂದು ವಾನ್‌ಲಿ ಚಕ್ರವರ್ತಿಗೆ ನೆನಪಾಯಿತು. 1601ರ ಜನವರಿ 24ರಂದು ರಿಚ್ಚಿಯವರೂ ಪಾಂತೋಹ ಸ್ವಾಮಿಗಳೂ ಬೀಜಿಂಗ್ ಪ್ರವೇಶಿಸಿದರು. ಚೀನಾದಲ್ಲಿ ನೆಲೆಸಿ ಆಗಲೇ ಹದಿನೇಳು ವರ್ಷ ದಾಟಿತ್ತು.

ಧೂಳಿನ ನಗರದಲ್ಲಿ ಬಾಳು

ಪ್ರಭುವಿನ ಮತ್ತು ಮರಿಯಮ್ಮನವರ ಚಿತ್ರಪಟಗಳು, ಎರಡು ಗಡಿಯಾರ, ತಂತಿವಾದ್ಯವೊಂದು, ಗಾಜಿನ ಪಟ್ಟಕಗಳು ಅರಮನೆ ಸೇರಿದವು. ಗಡಿಯಾರಕ್ಕೆ ಕೀಲಿ ಕೊಡುವುದನ್ನು ಖೋಜಾಗಳಿಗೆ ಕಲಿಸಲಾಯಿತು. ಪಾಂತೋಹ ಸ್ವಾಮಿಗಳು ಅವರಿಗೆ ವಾದ್ಯ ನುಡಿಸುವುದನ್ನು ಹೇಳಿಕೊಟ್ಟರೆ, ರಿಚ್ಚಿಯವರು ಅದಕ್ಕೆ ಚೀನೀ ಭಾಷೆಯಲ್ಲಿ ಎಂಟು ಹಾಡುಗಳನ್ನು ಬರೆದರು. ಆದರೆ ಚಕ್ರವರ್ತಿಯನ್ನು ಅವರು ಒಮ್ಮೆಯೂ ಕಾಣಲಿಲ್ಲ. ವರ್ಷಗಳಿಂದ ಆತ ಯಾರಿಗೂ ಮುಖ ತೋರಿಸುತ್ತಿರಲಿಲ್ಲ. ವಿಧಿಯಂತೆ ರಿಚ್ಚಿಯವರು ನಮಸ್ಕರಿಸಿದ್ದು ಬರಿದಾದ ಸಿಂಹಾಸನಕ್ಕೆ. ಪರದೇಶಿಯರು ಹೇಗಿದ್ದಾರೆಂದು ನೋಡಲು ಚಕ್ರವರ್ತಿ ಅವರ ಚಿತ್ರ ಬರೆಸಿ ತರಿಸಿಕೊಂಡ.

ಕೆಲಕಾಲ ಪರದೇಶಿಯರ ಛತ್ರದಲ್ಲಿ ಇಟ್ಟ ಮೇಲೆ, ನಗರದಲ್ಲಿ ವಾಸಿಸಲು ಅವರಿಗೆ ಅಡ್ಡಿಯಿಲ್ಲವೆಂದಾಯಿತು. ಬೀಜಿಂಗಿನ ನಿತ್ಯಜೀವನವನ್ನು ರಿಚ್ಚಿಯವರು ಕಣ್ಣಿಗೆ ಕಟ್ಟುವಂತೆ ದಾಖಲಿಸಿದ್ದಾರೆ. ಕಲ್ಲು ಹಾಸಿದ ಬೀದಿಗಳು ಕಡಿಮೆ. ಚಳಿಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಧೂಳು. ಹೊರಗೆ ಹೊರಟವರೆಲ್ಲ ಮುಖಕ್ಕೆ ತೆಳುಬಟ್ಟೆಯ ಪರದೆ ಇಳಿಬಿಟ್ಟುಕೊಳ್ಳುತ್ತಿದ್ದರು. ಪರದೇಶಿಯ ಮುಖ ಕಂಡರೆ ಜನ ಸೇರುವ ಊರಿನಲ್ಲಿ ಈ ಪರದೆ ಅವರಿಗೆ ಎಷ್ಟು ಉಪಕಾರವಾಯಿತೆಂದು ಬೇರೆ ಹೇಳಬೇಕಿಲ್ಲ. ನಾಲ್ಕು ದಾರಿ ಕೂಡುವಲ್ಲಿ ಬಾಡಿಗೆಗೆ ಕುದುರೆ, ಹೇಸರಗತ್ತೆ ಸಿಗುತ್ತಿದ್ದವು. ಲಗಾಮು ಹಿಡಿದು ನಡೆಯುವವನಿಗೆ ಊರಿನ ಸಂದುಗೊಂದಿಗಳೆಲ್ಲ ಗೊತ್ತು. ಉರಿಯಲು ಕಲ್ಲಿದ್ದಲು. ಇಟ್ಟಿಗೆಯ ಮಂಚದ ಅಡಿಯಲ್ಲಿ ಬಿಸಿ ಹಾಯುವ ದಾರಿ ಮಾಡಿ, ರಾತ್ರಿ ಬೆಚ್ಚಗೆ ಮಲಗುವ ಪದ್ಧತಿ.

1605ರಲ್ಲಿ ನಗರದ ಷ್ವಾನ್‌ವು ದ್ವಾರದ ಬಳಿ ಸ್ವಂತ ಮನೆ ಕೊಂಡರು. ಅಲ್ಲೊಂದು ಪ್ರಾರ್ಥನಾಲಯವಾಯಿತು. ಇಂದು ಅಲ್ಲಿ ದಕ್ಷಿಣ ದೇವಾಲಯವೆಂದು ಹೆಸರಾದ ಬೀಜಿಂಗಿನ ಪ್ರಧಾನಾಲಯ ನಿಂತಿದೆ. ಈಗಿನ ಕಟ್ಟಡ 1904ರದು.

ಎಲ್ಲರಿಗೂ ತೆರೆದ ಮನೆ

ಆ ಮನೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಚೀನೀ ಶಿಷ್ಟಾಚಾರದಂತೆ ಬಂದವರು ಹೆಸರು ಬರೆದ ಹಾಳೆ ಕೊಡುವರು. ಅವರನ್ನು ಕೂರಿಸಿ ಚಹಾ ಕೊಡಬೇಕು. ಆಮೇಲೆ ಅವರ ಮನೆಗೆ ತಾವೂ ಹೋಗಿಬರಬೇಕು. ರಿಚ್ಚಿಯವರ ದಿನಗಳೆಲ್ಲ ಇದರಲ್ಲೇ ಸವೆದವು. ಆದರೆ ಅವರಿಗೆ ಸಿಕ್ಕಿದ್ದೆಲ್ಲ ಆ ಚಹಾದ ಬಟ್ಟಲಿನಿಂದಲೇ ಸಿಕ್ಕಿತು.

ಲೀ ಝಿಝಾವೋ ಎಂಬ ಅಧಿಕಾರಿ ಭೂಪಟದ ಆಸೆಯಿಂದ ಬಂದು ಗೆಳೆಯನಾದ. 1602ರಲ್ಲಿ ಇಬ್ಬರೂ ಸೇರಿ ಆರು ಹಾಳೆಗಳ, ಸುಮಾರು 12 ಅಡಿ ಅಗಲದ ಭೂಪಟವನ್ನು ಅಚ್ಚು ಹಾಕಿಸಿದರು. ಅಮೆರಿಕ ಖಂಡಗಳೂ ಅದರಲ್ಲಿದ್ದವು. ಚೀನಾ ಮೂಲೆಗೆ ಬೀಳದೆ ನಡುವಿನ ಹತ್ತಿರ ಬರುವಂತೆ ರಚಿಸಿದ್ದರಿಂದ ಯಾರ ಮನಸ್ಸೂ ನೋಯಲಿಲ್ಲ. ಭೂಮಿ ಗುಂಡಗಿದೆ ಎಂಬ ಸತ್ಯಕ್ಕೂ ಕುಂದಾಗಲಿಲ್ಲ. 1603ರಲ್ಲಿ ಸ್ವರ್ಗದ ಒಡೆಯನ ಬಗೆಗಿನ ಅವರ ಧರ್ಮಗ್ರಂಥ ಪ್ರಕಟವಾಯಿತು.

ಇನ್ನೊಬ್ಬ ಗೆಳೆಯ ಶಾಂಘಾಯಿ ಕಡೆಯ ಷು ಗ್ವಾಂಗ್‌ಚಿ. 1603ರಲ್ಲಿ ದೀಕ್ಷಾಸ್ನಾನ ಪಡೆದು ಪೌಲನಾದ ಈತ ಮುಂದೆ ಸಾಮ್ರಾಜ್ಯದ ಮಂತ್ರಿಪದವಿಗೇರಿದ. ಇವರಿಬ್ಬರೂ ಒಟ್ಟಿಗೆ ಕುಳಿತು ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಚೀನೀ ಭಾಷೆಗೆ ತಂದರು. 1607ರಲ್ಲಿ ಅದು ಅಚ್ಚಾಯಿತು. ಬಿಂದು, ರೇಖೆ, ತ್ರಿಕೋನಗಳಿಗೆ ಅವರು ಬಳಸಿದ ಪದಗಳನ್ನೇ ಚೀನೀ ಮಕ್ಕಳು ಇಂದಿಗೂ ಶಾಲೆಯಲ್ಲಿ ಕಲಿಯುತ್ತಾರೆ.

1605ರಲ್ಲಿ ಕೈಫೆಂಗ್ ನಗರದಿಂದ ಐ ತಿಯಾನ್ ಎಂಬ ಯೆಹೂದ್ಯ ವಿದ್ವಾಂಸ ಬಂದ. ಏಕದೇವನನ್ನು ಆರಾಧಿಸುವ ಪರದೇಶಿಯರೆಂದು ಕೇಳಿ, ತನ್ನ ಕುಲದವರೇ ಇರಬೇಕೆಂದು ಭಾವಿಸಿದ್ದ. ಮಾತೆ ಮರಿಯ, ಬಾಲಯೇಸು, ಸ್ನಾನಿಕ ಯೊವಾನ್ನರ ಚಿತ್ರ ನೋಡಿ, ರೆಬೆಕ್ಕಳೂ ಅವಳ ಮಕ್ಕಳಾದ ಯಕೋಬ ಏಸಾವರೂ ಎಂದೇ ತಿಳಿದು ತಲೆಬಾಗಿದ. ಇಬ್ಬರು ಪರದೇಶಿಯರು ಹೀಗೆ ಒಬ್ಬರಲ್ಲೊಬ್ಬರು ತವರನ್ನು ಹುಡುಕಿದರು.

ಎಲ್ಲ ಪ್ರಯಾಣಿಕರಿಗೂ ಈ ಮನೆಯನ್ನು ತಲುಪುವ ಭಾಗ್ಯವಿರಲಿಲ್ಲ. 1602ರಲ್ಲಿ ನಮ್ಮ ಆಗ್ರಾದಿಂದ ಹೊರಟ ಯೇಸುಸಭೆಯ ಸಹೋದರ ಬೆಂತೊ ದೆ ಗೋಯಿಸ್ ಕಾಬೂಲಿನ ದಾರಿಯಾಗಿ ಬೆಟ್ಟ, ಮರುಭೂಮಿಗಳನ್ನು ದಾಟಿ ಚೀನಾದ ಗಡಿಪಟ್ಟಣಕ್ಕೆ ಬಂದರು. ಮುಂದೆ ಹೋಗಲು ಅಪ್ಪಣೆ ಸಿಗದೆ, ಇದ್ದದ್ದೆಲ್ಲ ಕರಗಿ, ಕಾಯಿಲೆ ಬಿದ್ದರು. ಸುದ್ದಿ ತಿಳಿದ ರಿಚ್ಚಿಯವರು ಒಬ್ಬ ಚೀನೀ ಸಹೋದರನನ್ನು ಕಳುಹಿಸಿದರು. ಆತ ತಲುಪಿದ ಕೆಲವೇ ದಿನಗಳಲ್ಲಿ, 1607ರ ಏಪ್ರಿಲಿನಲ್ಲಿ, ಗೋಯಿಸರು ತೀರಿಕೊಂಡರು. ಅವರ ಜೊತೆಗಾರ ಆರ್ಮೇನಿಯದ ಈಸಾಕ ಬೀಜಿಂಗಿಗೆ ಬಂದು ನಡೆದದ್ದನ್ನೆಲ್ಲ ಹೇಳಿ ಭಾರತಕ್ಕೆ ಮರಳಿದ. ಕಥೆಗಳಲ್ಲಿ ಕೇಳಿದ ಕಥಾಯ್ ದೇಶವೂ ಚೀನಾವೂ ಒಂದೇ ಎಂಬುದು ಈ ಪ್ರಯಾಣದಿಂದ ಖಚಿತವಾಯಿತು.

ಕೊನೆಯ ತಪಸ್ಸುಕಾಲ

1610ನೆಯ ವರ್ಷ ರಾಜಧಾನಿಯಲ್ಲಿ ದೊಡ್ಡ ಪರೀಕ್ಷೆಯ ವರ್ಷ. ದೇಶದ ಮೂಲೆಮೂಲೆಗಳಿಂದ ಸಾವಿರಾರು ಅಭ್ಯರ್ಥಿಗಳು ಬಂದಿದ್ದರು. ಲೀ ಮಾದೋ ಅವರನ್ನು ಕಾಣದೆ ಹಿಂದಿರುಗಲು ಅನೇಕರಿಗೆ ಮನಸ್ಸಿರಲಿಲ್ಲ. ತಪಸ್ಸುಕಾಲದ ಉಪವಾಸದ ನಡುವೆಯೂ ಅವರು ಪ್ರತಿಯೊಬ್ಬರನ್ನೂ ಎದ್ದುಹೋಗಿ ಬರಮಾಡಿಕೊಂಡರು. ತಿನ್ನುವ ತುತ್ತು ಊಟವನ್ನೂ ಅರ್ಧಕ್ಕೆ ಬಿಟ್ಟು ಏಳಬೇಕಾಗುತ್ತಿತ್ತು. ಅದೇ ಸಮಯದಲ್ಲಿ ಲೀ ಝಿಝಾವೋ ಮರಣದ ಅಂಚಿನಲ್ಲಿದ್ದ. ಮನೆಯವರು ದೂರವಿದ್ದುದರಿಂದ ರಿಚ್ಚಿಯವರೇ ಪಕ್ಕದಲ್ಲಿದ್ದು ಆರೈಕೆ ಮಾಡಿದರು. ಆತ ದೀಕ್ಷಾಸ್ನಾನ ಪಡೆದು ಲಿಯೋ ಆದ, ಚೇತರಿಸಿಕೊಂಡ.

ದಣಿದದ್ದು ರಿಚ್ಚಿಯವರ ಮೈ. ಮೇ 3ರಂದು ಹಾಸಿಗೆ ಹಿಡಿದರು. ತಾವು ಒಂದು ತೆರೆದ ಬಾಗಿಲಿನ ಮುಂದೆ ಸಹೋದರರನ್ನು ಬಿಟ್ಟುಹೋಗುತ್ತಿರುವುದಾಗಿಯೂ, ಅದರಲ್ಲಿ ಶ್ರಮವೂ ಅಪಾಯವೂ ಇವೆಯೆಂದೂ ತಿಳಿಸಿ, 1610ರ ಮೇ 11ರಂದು, 57ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಆಗ ಚೀನಾದಲ್ಲಿದ್ದ ಕ್ರೈಸ್ತರು ಸುಮಾರು 2,500 ಮಂದಿ.

ಅಲ್ಲಿಯವರೆಗೆ ಸತ್ತ ಗುರುಗಳನ್ನು ಮಕಾವಿಗೆ ಒಯ್ದು ಹೂಳಬೇಕಾಗಿತ್ತು. ಗೆಳೆಯರು ಮನವಿ ಬರೆದರು, ಮಂತ್ರಿಗಳು ಬೆಂಬಲಿಸಿದರು, ಚಕ್ರವರ್ತಿ ಅನುಮತಿ ಕೊಟ್ಟ. ನಗರದ ಪಶ್ಚಿಮ ದ್ವಾರದ ಹೊರಗೆ ಸಮಾಧಿಗೆ ನೆಲ ದೊರೆಯಿತು. ಬದುಕಿದ್ದಾಗ ಹೆಜ್ಜೆಹೆಜ್ಜೆಗೂ ಅಪ್ಪಣೆ ಬೇಡಿದ ಪರದೇಶಿ, ಸತ್ತ ಮೇಲೆ ಆ ನೆಲದವನಾದ. 1900ರ ದಂಗೆಯಲ್ಲಿ ಸಮಾಧಿ ಹಾಳಾಯಿತು. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಕಲ್ಲುಗಳು ಮಣ್ಣಿನಡಿ ಸೇರಿದವು. ಆಮೇಲೆ ಅವನ್ನು ಮತ್ತೆ ಎತ್ತಿ ನಿಲ್ಲಿಸಲಾಯಿತು.

ವಾದ, ನಿಷೇಧ, ಮನ್ನಣೆ

ಚೀನೀ ಕ್ರೈಸ್ತರು ಪೂರ್ವಜರಿಗೂ ಕನ್ಫ್ಯೂಷಿಯಸನಿಗೂ ಸಲ್ಲಿಸುವ ಗೌರವವನ್ನು ರಿಚ್ಚಿಯವರು ವಿಗ್ರಹಾರಾಧನೆಯೆಂದು ತಳ್ಳಿಹಾಕಿರಲಿಲ್ಲ. ತಂದೆತಾಯಿಗಳನ್ನು ಸನ್ಮಾನಿಸುವ ಮಕ್ಕಳ ಧರ್ಮ ಅದೆಂದು ತಿಳಿದಿದ್ದರು. ಅವರ ತರುವಾಯ ಬಂದ ಬೇರೆ ಸಭೆಗಳ ಗುರುಗಳಿಗೆ ಇದು ಸರಿಕಾಣಲಿಲ್ಲ. ವಿಶ್ವಾಸ ಕಲುಷಿತವಾದೀತೆಂಬ ಅವರ ಭಯವೂ ಪ್ರಾಮಾಣಿಕವಾದದ್ದೇ. ವಾದ ಬೆಳೆದು 1715ರಲ್ಲಿ ಕ್ಲೆಮೆಂಟ್ 11 ಜಗದ್ಗುರುಗಳು ಆ ಆಚರಣೆಗಳನ್ನು ನಿಷೇಧಿಸಿದರು. 1742ರಲ್ಲಿ ಬೆನೆಡಿಕ್ಟ್ 14 ಅದನ್ನೇ ಖಾಯಂ ಮಾಡಿದರು. ಮುನಿದ ಕಾಂಗ್‌ಷಿ ಚಕ್ರವರ್ತಿ 1721ರಲ್ಲಿ ಕ್ರೈಸ್ತ ಬೋಧನೆಯನ್ನೇ ತಡೆದ. ತೆರೆದಿದ್ದ ಬಾಗಿಲು ಮುಚ್ಚಿತು. 1939ರಲ್ಲಿ ಪಿಯುಸ್ 12 ಜಗದ್ಗುರುಗಳು ಈ ಗೌರವಗಳಿಗೆ ಮತ್ತೆ ಅವಕಾಶ ಕೊಡುವ ಹೊತ್ತಿಗೆ ಎರಡು ಶತಮಾನ ಕಳೆದಿತ್ತು. 2022ರ ಡಿಸೆಂಬರ್ 17ರಂದು ಫ್ರಾನ್ಸಿಸ್ ಜಗದ್ಗುರುಗಳು ರಿಚ್ಚಿಯವರ ಸದ್ಗುಣಗಳನ್ನು ಮನ್ನಿಸಿ ಅವರನ್ನು ಪೂಜ್ಯರೆಂದು ಘೋಷಿಸಿದರು. ಸಂತಪದವಿಯ ಹಾದಿಯಲ್ಲಿ ಅದು ಒಂದು ಮುಖ್ಯ ಮೆಟ್ಟಿಲು.

ಪ್ರಿಯ ವಾಚಕರೇ, ರಿಚ್ಚಿಯವರ ಸಹನೆಯನ್ನು ಹೊಗಳುವಾಗ ಇನ್ನೂ ಕೆಲವರನ್ನು ನೆನೆಯುವುದು ನ್ಯಾಯ. ಮನೆಗೆ ಜಾಗ ಕೊಟ್ಟ ವಾಂಗ್ ಪಾನ್, ಬಟ್ಟೆಯ ವಿಷಯದಲ್ಲಿ ಬುದ್ಧಿ ಹೇಳಿದ ಚು ತೈಸು, ಭಾಷೆಯನ್ನು ತಿದ್ದಿದ ಷು ಗ್ವಾಂಗ್‌ಚಿ, ಸಮಾಧಿಗೆ ನೆಲ ಸಿಗಲೆಂದು ಓಡಾಡಿದ ಗೆಳೆಯರು. ಇವರಲ್ಲಿ ಹೆಚ್ಚಿನವರು ಅವರಿಗೆ ಆಸರೆಯಾದಾಗ ಕ್ರೈಸ್ತರಾಗಿರಲಿಲ್ಲ. ಹೊರಗಿನಿಂದ ಬಂದವನು ಎಷ್ಟೇ ಕಲಿತವನಾದರೂ, ಒಳಗಿನವರಲ್ಲಿ ಯಾರಾದರೊಬ್ಬರು ಎದ್ದು ಚಿಲಕ ತೆಗೆಯದೆ ಬಾಗಿಲು ತೆರೆಯುವುದಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಭಾನುವಾರದ ಪೂಜೆಗೆ ಹಿಂದಿನ ಸಾಲಿನಲ್ಲಿ ನಿಲ್ಲುವ ಹೊಸ ಮುಖಗಳಿರುತ್ತವೆ. ಕಟ್ಟಡದ ಕೆಲಸಕ್ಕೆ ಬಂದವರು, ಆಸ್ಪತ್ರೆಯಲ್ಲಿ ದುಡಿಯುವ ಹೊರರಾಜ್ಯದ ಹೆಣ್ಣುಮಕ್ಕಳು, ನಮ್ಮ ಭಾಷೆಯ ಪ್ರಾರ್ಥನೆಗೆ ತುಟಿ ಆಡಿಸಲು ತಡವರಿಸುವ ಯುವಕರು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅವರಲ್ಲಿ ಒಬ್ಬರ ಹೆಸರು ಕೇಳಿ. ಸಾಧ್ಯವಾದರೆ ಮನೆಗೆ ಕರೆದು ಒಂದು ಲೋಟ ಕಾಫಿ ಕೊಡಿ.